ಒಕ್ಸಾನಾ ಬಾಯುಲ್ ಅವರ ಕ್ರೀಡಾ ಜೀವನ: ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲದ ಒಲಿಂಪಿಕ್ಸ್ ಸಮೀಪಿಸಿದಾಗಲೆಲ್ಲ ಉಕ್ರೇನಿನ ಫಿಗರ್ ಸ್ಕೇಟರ್ ಒಕ್ಸಾನಾ ಬಾಯುಲ್ ಅವರ ಹೆಸರು ಮತ್ತೆ ಮುನ್ನೆಲೆಗೆ ಬರುತ್ತದೆ. ಆದರೆ ಹೆಚ್ಚಿನ ಬರಹಗಳಲ್ಲಿ ಅವರು ಇಬ್ಬರು ಅಮೆರಿಕನ್ ಸ್ಕೇಟರ್‌ಗಳ ಜಗಳದ ಕಥೆಯ ಕೊನೆಯಲ್ಲಿ ಹಠಾತ್ತನೆ ಕಾಣಿಸಿಕೊಂಡು ಚಿನ್ನ ಗೆದ್ದು ಹೋಗುವ ಹುಡುಗಿಯಾಗಿ ಮಾತ್ರ ಉಳಿಯುತ್ತಾರೆ. ಅವರ ಸ್ಕೇಟಿಂಗನ್ನೇ ನಡುವೆ ಇಟ್ಟುಕೊಂಡು ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಒಕ್ಸಾನಾ ಬಾಯುಲ್ ಯಾರು?

1994ರ ಫೆಬ್ರವರಿ 25ರಂದು ನಾರ್ವೆಯ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸಿಂಗಲ್ಸ್ ಫಿಗರ್ ಸ್ಕೇಟಿಂಗ್ ಚಿನ್ನ ಗೆದ್ದವರು. ಆ ದಿನ ಅವರಿಗೆ 16 ವರ್ಷ 101 ದಿನ. ಸೋವಿಯತ್ ಒಕ್ಕೂಟದಿಂದ ಬಿಡುಗಡೆ ಹೊಂದಿ ಸ್ವತಂತ್ರ ರಾಷ್ಟ್ರವಾದ ಉಕ್ರೇನ್ ತನ್ನದೇ ತಂಡವಾಗಿ ಸ್ಪರ್ಧಿಸಿ ಗೆದ್ದ ಮೊಟ್ಟಮೊದಲ ಒಲಿಂಪಿಕ್ ಚಿನ್ನ ಅದು. ಚಳಿಗಾಲದ ಕ್ರೀಡೆಗಳಷ್ಟೇ ಅಲ್ಲದೆ ಬೇಸಿಗೆಯ ಕ್ರೀಡೆಗಳನ್ನೂ ಸೇರಿಸಿ ಹೇಳುವ ಮಾತಿದು. ಅದರ ಹಿಂದಿನ ವರ್ಷ, 1993ರಲ್ಲಿ, ಅವರು ಪ್ರಾಗ್ ನಗರದಲ್ಲಿ ವಿಶ್ವ ಚಾಂಪಿಯನ್ ಆಗಿದ್ದರು. ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 1993 ಮತ್ತು 1994ರಲ್ಲಿ ಬೆಳ್ಳಿ ಪಡೆದಿದ್ದರು. ಭಾಗವಹಿಸಿದ ನಾಲ್ಕು ದೊಡ್ಡ ಸ್ಪರ್ಧೆಗಳಲ್ಲಿ ಎರಡು ಚಿನ್ನ, ಎರಡು ಬೆಳ್ಳಿ. ಮೊದಲನೆಯದು 1993ರ ಜನವರಿಯಲ್ಲಿ, ಕೊನೆಯದು 1994ರ ಫೆಬ್ರವರಿಯಲ್ಲಿ. ಅಂದರೆ, ದಾಖಲೆ ಪುಸ್ತಕಗಳಲ್ಲಿ ಉಳಿದಿರುವ ಅವರ ಸಾಧನೆಯೆಲ್ಲವೂ ಹೆಚ್ಚುಕಡಿಮೆ ಹದಿಮೂರು ತಿಂಗಳ ಅವಧಿಯದು.

ಅವರ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುವುದು ಸರಿ?

ಇಂಗ್ಲಿಷ್ ಕಾಗುಣಿತವನ್ನು ನೋಡಿ ‘ಬೈಯುಲ್’ ಎಂದು ಬರೆಯುವವರಿದ್ದಾರೆ. ಉಕ್ರೇನಿಯನ್ ಉಚ್ಚಾರಣೆಗೆ ‘ಬಾಯುಲ್’ ಹೆಚ್ಚು ಹತ್ತಿರ. ಹಾಗೆಯೇ ಅವರು ತರಬೇತಿ ಪಡೆದ ಊರನ್ನು ರಷ್ಯನ್ ರೂಢಿಯಂತೆ ‘ಒಡೆಸ್ಸಾ’ ಎನ್ನದೆ ‘ಒದೆಸಾ’ ಎಂದು ಬರೆಯುವುದು ಅಲ್ಲಿನವರ ಬಳಕೆಗೆ ಅನುಗುಣವಾಗಿರುತ್ತದೆ.

ಅವರ ಬಾಲ್ಯ ಹೇಗಿತ್ತು?

1977ರ ನವೆಂಬರ್ 16ರಂದು ದ್ನೀಪ್ರೊಪೆತ್ರೋವ್ಸ್ಕ್ ನಗರದಲ್ಲಿ ಹುಟ್ಟಿದರು. 2016ರಿಂದ ಈ ನಗರದ ಹೆಸರು ದ್ನೀಪ್ರೊ. ದ್ನೀಪರ್ ನದಿಯ ದಂಡೆಯ ಈ ಕೈಗಾರಿಕಾ ನಗರದಲ್ಲಿ ಸೋವಿಯತ್ ಕ್ಷಿಪಣಿಗಳನ್ನು ತಯಾರಿಸುವ ಕಾರ್ಖಾನೆ ಇದ್ದ ಕಾರಣ 1980ರ ದಶಕದ ಕೊನೆಯ ಭಾಗದವರೆಗೂ ವಿದೇಶಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮಗುವಿಗೆ ಎರಡು ವರ್ಷವಾದಾಗ ತಂದೆ ತಾಯಿ ಬೇರೆಯಾದರು. ಫ್ರೆಂಚ್ ಭಾಷೆಯ ಶಿಕ್ಷಕಿಯಾಗಿದ್ದ ತಾಯಿ ಮತ್ತು ತಾಯಿಯ ಕಡೆಯ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಒಕ್ಸಾನಾ ಬೆಳೆದರು. ಮನೆಯವರಿಗೆ ಮಗುವನ್ನು ಬ್ಯಾಲೆ ನರ್ತಕಿಯಾಗಿಸುವ ಆಸೆಯಿತ್ತು. ಆಗಿನ್ನೂ ಗುಂಡುಗುಂಡಾಗಿದ್ದ ಮಗುವಿನ ಮೈ ಹಗುರಾಗಲೆಂದು ಮೂರ್ನಾಲ್ಕು ವರ್ಷದ ವಯಸ್ಸಿನಲ್ಲೇ ಸ್ಕೇಟಿಂಗ್‌ಗೆ ಹಚ್ಚಿದರು. ಬ್ಯಾಲೆಗೆ ಮೊದಲ ಮೆಟ್ಟಿಲಾಗಲೆಂದು ಆರಿಸಿಕೊಂಡ ಆಟವೇ ಕೊನೆಗೆ ಬದುಕಾಯಿತು.

ಅಜ್ಜ 1987ರಲ್ಲಿ, ಅಜ್ಜಿ 1988ರಲ್ಲಿ ತೀರಿಕೊಂಡರು. 1991ರಲ್ಲಿ ತಾಯಿ ಅಂಡಾಶಯದ ಕ್ಯಾನ್ಸರ್‌ನಿಂದ ನಿಧನರಾದರು. ಆಗ ಒಕ್ಸಾನಾಗೆ ಹದಿಮೂರು ವರ್ಷ. ಅದೇ ವರ್ಷ ಅವರು ಹುಟ್ಟಿದ ದೇಶವೂ ಇಲ್ಲವಾಯಿತು: ಆಗಸ್ಟ್ 24ರಂದು ಉಕ್ರೇನ್ ಸ್ವಾತಂತ್ರ್ಯ ಘೋಷಿಸಿತು, ಡಿಸೆಂಬರ್ 1ರ ಜನಮತಗಣನೆ ಅದನ್ನು ದೃಢಪಡಿಸಿತು, ತಿಂಗಳು ಮುಗಿಯುವುದರೊಳಗೆ ಸೋವಿಯತ್ ಒಕ್ಕೂಟ ವಿಸರ್ಜನೆಯಾಯಿತು. ಸೋವಿಯತ್ ಕ್ರೀಡಾ ವ್ಯವಸ್ಥೆ ಮಕ್ಕಳಿಂದ ಕಠಿಣ ದುಡಿಮೆ ಕೇಳುತ್ತಿತ್ತು ನಿಜ, ಆದರೆ ಅಂಗಳ, ತರಬೇತುದಾರರು, ಪ್ರಯಾಣ, ಬೂಟುಗಳ ವೆಚ್ಚವನ್ನು ಸರ್ಕಾರವೇ ಹೊರುತ್ತಿತ್ತು. ಮನೆಯ ಆಸರೆ ಮತ್ತು ವ್ಯವಸ್ಥೆಯ ಆಸರೆ ಎರಡೂ ಒಂದೇ ವರ್ಷದಲ್ಲಿ ತಪ್ಪಿದ ಹುಡುಗಿ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಎರಡು ವರ್ಷಗಳ ತೂಕ ತಿಳಿಯುತ್ತದೆ.

ಒದೆಸಾಕ್ಕೆ ಹೋದದ್ದು ಹೇಗೆ?

ಐದನೆಯ ವಯಸ್ಸಿನಿಂದ ಅವರಿಗೆ ಕಲಿಸಿದವರು ಸ್ತಾನಿಸ್ಲಾವ್ ಕೊರಿಟೆಕ್. ದೇಶದ ಆರ್ಥಿಕತೆ ಕುಸಿಯುತ್ತಿದ್ದ ಆ ದಿನಗಳಲ್ಲಿ ಅನೇಕ ತರಬೇತುದಾರರು ಹೊರದೇಶಗಳಲ್ಲಿ ಕೆಲಸ ಹುಡುಕಿಕೊಂಡರು. ಕೊರಿಟೆಕ್ ಕೂಡ 1992ರಲ್ಲಿ ಕೆನಡಾಕ್ಕೆ ಹೊರಟುಹೋದರು. ಅವರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. 1993ರಲ್ಲಿ ಉಕ್ರೇನಿನ ಹಣದುಬ್ಬರ ಶೇಕಡ ಹತ್ತು ಸಾವಿರವನ್ನು ದಾಟಿತ್ತು. ತಿಂಗಳ ಸಂಬಳ ಕೈಗೆ ಬರುವಷ್ಟರಲ್ಲಿ ಬೆಲೆ ಕಳೆದುಕೊಳ್ಳುತ್ತಿದ್ದ ಕಾಲವದು.

ಕಪ್ಪು ಸಮುದ್ರದ ದಡದ ಒದೆಸಾದಲ್ಲಿ ಗಲಿನಾ ಜ್ಮಿಯೆವ್‌ಸ್ಕಾಯಾ ಎಂಬ ಹೆಸರಾಂತ ತರಬೇತುದಾರರಿದ್ದರು. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಪುರುಷರ ಚಿನ್ನ ಗೆದ್ದ ವಿಕ್ಟರ್ ಪೆಟ್ರೆಂಕೊ ಅವರ ಶಿಷ್ಯ, ಜೊತೆಗೆ ಅಳಿಯ ಕೂಡ. ಈ ಹುಡುಗಿಯನ್ನು ಸೇರಿಸಿಕೊಳ್ಳುವಂತೆ ಅತ್ತೆಯನ್ನು ಒಪ್ಪಿಸಿದವರು ಪೆಟ್ರೆಂಕೊ ಅವರೇ. ಅವಳ ಖರ್ಚನ್ನು ಭರಿಸಿದವರೂ ಅವರೇ. ಜ್ಮಿಯೆವ್‌ಸ್ಕಾಯಾ ಅವಳನ್ನು ತಮ್ಮ ಸಣ್ಣ ಮನೆಗೆ ಕರೆದೊಯ್ದು, ತಮ್ಮ ಕಿರಿಯ ಮಗಳ ಕೋಣೆಯಲ್ಲೇ ಇರಿಸಿಕೊಂಡರು. ವಿದ್ಯಾರ್ಥಿಯು ಗುರುವಿನ ಮನೆಯಲ್ಲೇ ಉಂಡು, ಮಲಗಿ, ಕಲಿಯುವ ಪದ್ಧತಿ ನಮ್ಮ ಸಂಗೀತಗಾರರ ಮನೆಗಳಿಗೆ ಹೊಸದೇನಲ್ಲ; ಅದೇ ಬಗೆಯ ಏರ್ಪಾಡು ಎಂದು ಓದುಗರು ಊಹಿಸಿಕೊಳ್ಳಬಹುದು. ಒಬ್ಬ ಒಲಿಂಪಿಕ್ ಚಾಂಪಿಯನ್ ತನ್ನ ಗಳಿಕೆಯಿಂದ ಮುಂದಿನ ಒಲಿಂಪಿಕ್ ಚಾಂಪಿಯನ್ನನ್ನು ಸಾಕಿದ ಉದಾಹರಣೆ ಕ್ರೀಡಾ ಇತಿಹಾಸದಲ್ಲಿ ಅಪರೂಪವೆಂದೇ ಈ ಲೇಖಕರ ಭಾವನೆ.

ಯಾರಿಗೂ ಗೊತ್ತಿರದ ಹುಡುಗಿ ಒಂದೇ ಋತುವಿನಲ್ಲಿ ವಿಶ್ವ ಚಾಂಪಿಯನ್ ಆದದ್ದು ಹೇಗೆ ಸಾಧ್ಯವಾಯಿತು?

ಇದಕ್ಕೆ ಪ್ರತಿಭೆಯ ಜೊತೆಗೆ ಎರಡು ಹೊರಗಿನ ಕಾರಣಗಳಿವೆ. ಸೋವಿಯತ್ ಕಾಲದಲ್ಲಿ ವಿಶ್ವ ಚಾಂಪಿಯನ್‌ಷಿಪ್ ತಂಡದಲ್ಲಿ ಸ್ಥಾನ ಸಿಗಬೇಕಾದರೆ ಮಾಸ್ಕೋ, ಲೆನಿನ್‌ಗ್ರಾಡ್‌ಗಳ ಸ್ಕೇಟರ್‌ಗಳನ್ನೆಲ್ಲ ದಾಟಿ ಬರಬೇಕಿತ್ತು. ಸ್ವತಂತ್ರ ಉಕ್ರೇನಿಗೆ ತನ್ನದೇ ತಂಡ ಸಿಕ್ಕಿದ್ದರಿಂದ ಹದಿನೈದು ವರ್ಷದ ಸ್ಕೇಟರ್‌ಗೂ ಅಂತರರಾಷ್ಟ್ರೀಯ ಅಂಗಳಕ್ಕೆ ನೇರ ದಾರಿ ತೆರೆಯಿತು.

ಎರಡನೆಯ ಕಾರಣ ಸ್ಕೇಟಿಂಗ್‌ನ ನಿಯಮಗಳಿಗೆ ಸಂಬಂಧಿಸಿದ್ದು. ಫಿಗರ್ ಸ್ಕೇಟಿಂಗ್ ಎಂಬ ಹೆಸರು ಬಂದದ್ದೇ ಮಂಜುಗಡ್ಡೆಯ ಮೇಲೆ ಬ್ಲೇಡಿನ ಅಂಚಿನಿಂದ ವೃತ್ತಗಳನ್ನೂ ಎಂಟರ ಆಕೃತಿಗಳನ್ನೂ ಕರಾರುವಾಕ್ಕಾಗಿ ಬಿಡಿಸುವ ಅಭ್ಯಾಸದಿಂದ. ಈ ‘ಕಡ್ಡಾಯ ಆಕೃತಿ’ಗಳು 1990ರ ವಿಶ್ವ ಚಾಂಪಿಯನ್‌ಷಿಪ್‌ವರೆಗೆ ಸ್ಪರ್ಧೆಯ ಒಂದು ಭಾಗವಾಗಿದ್ದವು. ಅವುಗಳಲ್ಲಿ ಪಳಗಲು ವರ್ಷಗಟ್ಟಲೆ ದಿನವೂ ಗಂಟೆಗಟ್ಟಲೆ ಸಾಧನೆ ಬೇಕಿದ್ದುದರಿಂದ ಅನುಭವಿಗಳಿಗೆ ಸಹಜವಾಗಿ ಅನುಕೂಲವಿತ್ತು. ಅವುಗಳನ್ನು ಕೈಬಿಟ್ಟ ಮೇಲೆ ಜಿಗಿತ, ಗಿರಕಿ ಮತ್ತು ಲಾಲಿತ್ಯವೇ ಎಲ್ಲವನ್ನೂ ನಿರ್ಧರಿಸತೊಡಗಿತು. ಎಳೆಯರು ಮೇಲೆ ಬರಲು ಹಾದಿ ಸುಗಮವಾಯಿತು. ಬಾಯುಲ್ ಈ ಬದಲಾವಣೆಯ ಮೊದಲ ಫಲಾನುಭವಿಗಳಲ್ಲಿ ಒಬ್ಬರು.

1993ರ ಜನವರಿಯಲ್ಲಿ ಹೆಲ್ಸಿಂಕಿಯ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಫ್ರಾನ್ಸಿನ ಸುರ್ಯಾ ಬೊನಾಲಿ ಅವರ ಹಿಂದೆ ಎರಡನೆಯವರಾದರು. ಮಾರ್ಚ್ ತಿಂಗಳಲ್ಲಿ ಪ್ರಾಗ್‌ನಲ್ಲಿ ಅದೇ ಬೊನಾಲಿ ಅವರನ್ನು ಎರಡನೆಯ ಸ್ಥಾನಕ್ಕೆ, ಚೀನಾದ ಚೆನ್ ಲು ಅವರನ್ನು ಮೂರನೆಯ ಸ್ಥಾನಕ್ಕೆ ಸರಿಸಿ ವಿಶ್ವ ಪ್ರಶಸ್ತಿ ಗೆದ್ದರು. 1927ರಲ್ಲಿ ಹದಿನಾಲ್ಕನೆಯ ವಯಸ್ಸಿನಲ್ಲಿ ಗೆದ್ದ ನಾರ್ವೆಯ ಸೋನ್ಯಾ ಹೇನಿ ಅವರ ನಂತರ ಅಷ್ಟು ಚಿಕ್ಕ ವಯಸ್ಸಿನ ಮಹಿಳಾ ವಿಶ್ವ ಚಾಂಪಿಯನ್ ಮತ್ತೊಬ್ಬರಿರಲಿಲ್ಲ.

ಆಗ ಅಂಕಗಳನ್ನು ಹೇಗೆ ಕೊಡುತ್ತಿದ್ದರು?

ಈ ವಿಷಯ ತಿಳಿಯದೆ ಲಿಲ್ಲೆಹ್ಯಾಮರ್ ಫಲಿತಾಂಶದ ಬಗ್ಗೆ ವಾದ ಮಾಡುವುದು ವ್ಯರ್ಥ. ಆದ್ದರಿಂದ ತುಸು ತಾಳ್ಮೆಯಿಂದ ಓದಬೇಕೆಂದು ಕೋರಿಕೆ. ಸ್ಪರ್ಧೆಯಲ್ಲಿ ಎರಡು ಸುತ್ತುಗಳಿದ್ದವು. ಮೊದಲನೆಯದು ನಿಗದಿಪಡಿಸಿದ ಅಂಶಗಳನ್ನು ಮಾಡಿ ತೋರಿಸಬೇಕಾದ ಟೆಕ್ನಿಕಲ್ ಪ್ರೋಗ್ರಾಂ. ಎರಡನೆಯದು ಇನ್ನೂ ದೀರ್ಘವಾದ ಫ್ರೀ ಸ್ಕೇಟ್. ಒಂಬತ್ತು ತೀರ್ಪುಗಾರರಲ್ಲಿ ಪ್ರತಿಯೊಬ್ಬರೂ ಎರಡೆರಡು ಅಂಕ ಕೊಡುತ್ತಿದ್ದರು: ಒಂದು ತಾಂತ್ರಿಕ ಗುಣಕ್ಕೆ, ಇನ್ನೊಂದು ಕಲಾತ್ಮಕತೆಗೆ. ಪ್ರತಿಯೊಂದರಲ್ಲೂ ಗರಿಷ್ಠ 6.0.

ಆದರೆ ಈ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುತ್ತಿರಲಿಲ್ಲ. ಪ್ರತಿ ತೀರ್ಪುಗಾರರ ಎರಡು ಅಂಕಗಳ ಮೊತ್ತದಿಂದ ಅವರು ಯಾರನ್ನು ಎಷ್ಟನೆಯ ಸ್ಥಾನದಲ್ಲಿ ಇಟ್ಟಿದ್ದಾರೆ ಎಂಬುದನ್ನು ಮಾತ್ರ ನೋಡಲಾಗುತ್ತಿತ್ತು. ಒಂಬತ್ತರಲ್ಲಿ ಐವರು ಯಾರನ್ನು ಮೊದಲ ಸ್ಥಾನದಲ್ಲಿ ಇಡುತ್ತಾರೋ ಅವರೇ ಆ ಸುತ್ತಿನ ವಿಜೇತರು. ಒಬ್ಬ ತೀರ್ಪುಗಾರರು ಇಬ್ಬರಿಗೂ ಒಂದೇ ಮೊತ್ತ ಕೊಟ್ಟಿದ್ದರೆ ಫ್ರೀ ಸ್ಕೇಟ್‌ನಲ್ಲಿ ಕಲಾತ್ಮಕ ಅಂಕ ಹೆಚ್ಚಿರುವವರು ಮೇಲೆ. ಕೊನೆಯಲ್ಲಿ ಮೊದಲ ಸುತ್ತಿನ ಸ್ಥಾನವನ್ನು 0.5ರಿಂದ, ಎರಡನೆಯದನ್ನು 1.0ರಿಂದ ಗುಣಿಸಿ ಕೂಡಿಸುತ್ತಿದ್ದರು. ಕಡಿಮೆ ಮೊತ್ತ ಬಂದವರಿಗೆ ಚಿನ್ನ.

ಭರತನಾಟ್ಯ ಬಲ್ಲವರಿಗೆ ಇದನ್ನು ನೃತ್ತ ಮತ್ತು ಅಭಿನಯಗಳ ಭೇದವಾಗಿ ಹೇಳಬಹುದು. ಅಡವುಗಳ ಖಚಿತತೆಗೆ ಒಂದು ಅಂಕ, ಭಾವಕ್ಕೆ ಇನ್ನೊಂದು. ಎರಡೂ ಸಮ ಬಂದಾಗ ಭಾವಕ್ಕೆ ಮನ್ನಣೆ. ನಿಯಮ ಪುಸ್ತಕವೇ ಹಾಗೆ ಹೇಳಿತ್ತು.

ಲಿಲ್ಲೆಹ್ಯಾಮರ್ ಸ್ಪರ್ಧೆಯ ಮೇಲೆ ಜಗತ್ತಿನ ಕಣ್ಣು ಅಷ್ಟೊಂದು ನೆಟ್ಟಿದ್ದೇಕೆ?

1994ರ ಜನವರಿ 6ರಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿ ಅಭ್ಯಾಸ ಮುಗಿಸಿ ಬರುತ್ತಿದ್ದ ನ್ಯಾನ್ಸಿ ಕೆರಿಗನ್ ಅವರ ಬಲಮೊಣಕಾಲಿನ ಬಳಿ ದಾಳಿಕೋರನೊಬ್ಬ ದೊಣ್ಣೆಯಿಂದ ಹೊಡೆದನು. ಅವರ ಪ್ರತಿಸ್ಪರ್ಧಿ ಟೋನ್ಯಾ ಹಾರ್ಡಿಂಗ್ ಅವರ ಮಾಜಿ ಪತಿ ಈ ಸಂಚಿನಲ್ಲಿ ಭಾಗಿಯಾಗಿದ್ದುದು ಬಯಲಾಯಿತು. ಇಬ್ಬರೂ ಒಲಿಂಪಿಕ್ಸ್‌ಗೆ ಬಂದುದರಿಂದ ಆ ಸ್ಪರ್ಧೆಯ ಪ್ರಸಾರ ಅಮೆರಿಕದ ಟೆಲಿವಿಷನ್ ಇತಿಹಾಸದಲ್ಲೇ ಅತಿ ಹೆಚ್ಚು ಜನ ನೋಡಿದ ಪ್ರಸಾರಗಳಲ್ಲಿ ಒಂದಾಯಿತು. ಹಾರ್ಡಿಂಗ್ ಎಂಟನೆಯವರಾದರು. ಈ ಪ್ರಕರಣದ ಬಗ್ಗೆ ಸಾಕಷ್ಟು ಬರೆದಾಗಿದೆ. ಇಲ್ಲಿ ಇಷ್ಟು ಸಾಕು.

ಫ್ರೀ ಸ್ಕೇಟ್‌ನ ಹಿಂದಿನ ದಿನ ನಡೆದ ಡಿಕ್ಕಿಯಲ್ಲಿ ನಿಜಕ್ಕೂ ಎಷ್ಟು ಪೆಟ್ಟಾಗಿತ್ತು?

ಸ್ಕೇಟಿಂಗ್ ನಡೆದದ್ದು ಲಿಲ್ಲೆಹ್ಯಾಮರ್‌ಗೆ ಹತ್ತಿರದ ಹಾಮರ್ ಎಂಬ ಊರಿನಲ್ಲಿ. ಫೆಬ್ರವರಿ 23ರ ಟೆಕ್ನಿಕಲ್ ಪ್ರೋಗ್ರಾಂನಲ್ಲಿ ಕೆರಿಗನ್ ಮೊದಲ ಸ್ಥಾನ, ಬಾಯುಲ್ ಎರಡನೆಯ ಸ್ಥಾನ ಪಡೆದಿದ್ದರು. 24ರ ಅಭ್ಯಾಸದ ವೇಳೆ ಬಾಯುಲ್ ಮತ್ತು ಜರ್ಮನಿಯ ತಾನ್ಯಾ ಷೆವ್ಚೆಂಕೊ ಪರಸ್ಪರ ನೋಡದೆ ರಭಸದಿಂದ ಡಿಕ್ಕಿ ಹೊಡೆದರು. ಬಾಯುಲ್ ಅವರ ಬಲಗಾಲಿನ ಮುಂಭಾಗ ಬ್ಲೇಡಿನಿಂದ ಸೀಳಿ ಮೂರು ಹೊಲಿಗೆ ಬಿದ್ದವು, ಕೆಳಬೆನ್ನು ಉಳುಕಿತು. ಮರುದಿನ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ನಿಯಮಗಳು ಅನುಮತಿಸುವ ಎರಡು ನೋವು ನಿವಾರಕ ಚುಚ್ಚುಮದ್ದುಗಳನ್ನು ಪಡೆದ ಮೇಲೆಯೇ ಅವರು ಅಂಗಳಕ್ಕಿಳಿದರು.

ಬೆನ್ನಿನ ಪೆಟ್ಟು ಸ್ಕೇಟರ್‌ಗೆ ಏಕೆ ಅಷ್ಟು ದೊಡ್ಡದು ಎಂಬುದನ್ನು ವಿವರಿಸುವುದು ಅಗತ್ಯ. ಮೂರು ಸುತ್ತಿನ ಜಿಗಿತವೊಂದರಲ್ಲಿ ಸ್ಕೇಟರ್ ಗಾಳಿಯಲ್ಲಿರುವುದು ಒಂದು ಸೆಕೆಂಡಿಗಿಂತ ಕಡಿಮೆ ಕಾಲ. ಅಷ್ಟರೊಳಗೆ ತಿರುಗಿ ಮುಗಿಸಿ, ಹಿಮ್ಮುಖವಾಗಿ ಒಂದೇ ಕಾಲಿನ ಮೇಲೆ, ತೆಳುವಾದ ಬ್ಲೇಡಿನ ಹೊರ ಅಂಚಿನ ಮೇಲೆ ಇಳಿಯಬೇಕು. ಇಳಿದ ಕ್ಷಣದಲ್ಲಿ ದೇಹದ ತೂಕದ ಹಲವು ಪಟ್ಟು ಭಾರ ಆ ಒಂದು ಕಾಲಿನ ಮೂಲಕ ಸೊಂಟಕ್ಕೂ ಬೆನ್ನಿಗೂ ಏರುತ್ತದೆ. ಹೆಚ್ಚಿನ ಸ್ಕೇಟರ್‌ಗಳಂತೆ ಅವರೂ ಇಳಿಯುತ್ತಿದ್ದುದು ಬಲಗಾಲಿನ ಮೇಲೆ, ಅಂದರೆ ಹೊಲಿಗೆ ಬಿದ್ದ ಕಾಲಿನ ಮೇಲೆಯೇ.

ಫೆಬ್ರವರಿ 25ರಂದು ಅಂಗಳದಲ್ಲಿ ಏನು ನಡೆಯಿತು?

ಕೆರಿಗನ್ ಅವರ ಸರದಿ ಮೊದಲು ಬಂತು. ಆರಂಭದಲ್ಲಿ ಯೋಜಿಸಿದ್ದ ಒಂದು ತ್ರಿವಳಿ ಜಿಗಿತವನ್ನು ಎರಡು ಸುತ್ತಿಗೆ ಇಳಿಸಿಕೊಂಡದ್ದನ್ನು ಬಿಟ್ಟರೆ ಅವರ ಪ್ರದರ್ಶನ ಬಹುತೇಕ ನಿರ್ದೋಷವಾಗಿತ್ತು. ಎರಡು ತ್ರಿವಳಿ ಟೋ ಲೂಪ್‌ಗಳನ್ನು (ಬ್ಲೇಡಿನ ಮುಂತುದಿಯನ್ನು ಮಂಜುಗಡ್ಡೆಗೆ ಊರಿ ಜಿಗಿಯುವ ಬಗೆ) ಬೆನ್ನುಬೆನ್ನಿಗೆ ಜೋಡಿಸಿದ ಕಠಿಣ ಜೋಡಿ ಜಿಗಿತವನ್ನೂ ಅವರು ಸಾಧಿಸಿದರು. ಅದು ಅವರ ಜೀವನದ ಶ್ರೇಷ್ಠ ಪ್ರದರ್ಶನಗಳಲ್ಲಿ ಒಂದು. ಏಳು ವಾರಗಳ ಹಿಂದಷ್ಟೇ ನಡೆಯಲಾರದೆ ನೆಲದ ಮೇಲೆ ಕುಳಿತು ಅತ್ತಿದ್ದ ಸ್ಕೇಟರ್ ಅವರು ಎಂಬುದನ್ನು ಮರೆಯಬಾರದು.

ಬಾಯುಲ್ ಗುಲಾಬಿ ಬಣ್ಣದ ಉಡುಪಿನಲ್ಲಿ, ಬ್ರಾಡ್‌ವೇ ಸಂಗೀತ ನಾಟಕಗಳ ಹಾಡುಗಳನ್ನು ಹೆಣೆದ ಸಂಗೀತಕ್ಕೆ ಸ್ಕೇಟ್ ಮಾಡಿದರು. ತ್ರಿವಳಿ ಜಿಗಿತಗಳೆರಡನ್ನು ಜೋಡಿಸುವ ಪ್ರಯತ್ನ ಅವರದರಲ್ಲಿ ಇರಲಿಲ್ಲ, ಇಳಿತಗಳೆಲ್ಲವೂ ಶುದ್ಧವಾಗಿಯೂ ಇರಲಿಲ್ಲ. ಆದರೆ ಪ್ರೇಕ್ಷಕರ ಕಡೆ ಕತ್ತು ತಿರುಗಿಸುವ ಬಗೆ, ಜಿಗಿತದಿಂದ ಇಳಿಯುತ್ತಲೇ ಕೈಬೆರಳುಗಳು ಸಂಗೀತದ ಒಂದು ಸ್ವರಕ್ಕೆ ಸರಿಯಾಗಿ ಅರಳುವ ರೀತಿ, ಒಂದು ಅಂಶದಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲಿಯೂ ‘ಈಗ ಜಿಗಿಯಬೇಕು’ ಎಂಬ ಸಿದ್ಧತೆಯ ಬಿಗುವು ಕಾಣದಿರುವುದು, ಇವೆಲ್ಲ ಬ್ಯಾಲೆ ಬಯಸಿದ್ದ ಮನೆಯಿಂದ ಬಂದ ಸಂಸ್ಕಾರ. ಸಂಗೀತ ಮುಗಿಯಲು ಕೆಲವೇ ಕ್ಷಣಗಳಿರುವಾಗ, ದಣಿವು ಮತ್ತು ನೋವು ಅತಿ ಹೆಚ್ಚಿರಬೇಕಾದ ಹೊತ್ತಿನಲ್ಲಿ, ಅಂಕಗಳು ಸಾಲದಾದಾವೆಂದು ಮೂಲ ಯೋಜನೆಯಲ್ಲಿಲ್ಲದ ಜಿಗಿತಗಳನ್ನು ಅವರು ಸೇರಿಸಿದರು. ಧೈರ್ಯಕ್ಕಿಂತ ಹೆಚ್ಚಾಗಿ ಅದು ಲೆಕ್ಕಾಚಾರ. ಹದಿನಾರರ ಹುಡುಗಿಯೊಬ್ಬಳು ಸ್ಕೇಟ್ ಮಾಡುತ್ತಲೇ ತನ್ನ ಅಂಕಗಳನ್ನು ಎಣಿಸುತ್ತಿದ್ದಳು ಎಂಬುದು ಈ ಲೇಖಕರನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಐವರು ತೀರ್ಪುಗಾರರು ಬಾಯುಲ್ ಅವರನ್ನು, ನಾಲ್ವರು ಕೆರಿಗನ್ ಅವರನ್ನು ಮೊದಲ ಸ್ಥಾನದಲ್ಲಿಟ್ಟರು. ಅಂತಿಮ ಮೊತ್ತ ಬಾಯುಲ್ ಅವರಿಗೆ 2.0, ಕೆರಿಗನ್ ಅವರಿಗೆ 2.5. ಕಂಚು ಚೆನ್ ಲು ಅವರ ಪಾಲಾಯಿತು.

ಆ ತೀರ್ಪು ನ್ಯಾಯವಾಗಿತ್ತೇ?

ಅತಿ ಹೆಚ್ಚು ಕೇಳಲಾಗುವ ಪ್ರಶ್ನೆ ಇದು. ಬಾಯುಲ್ ಪರವಾಗಿ ನಿಂತವರು ಉಕ್ರೇನ್, ಪೋಲೆಂಡ್, ಚೆಕ್ ಗಣರಾಜ್ಯ, ಚೀನಾ ಮತ್ತು ಜರ್ಮನಿಯ ತೀರ್ಪುಗಾರರು. ಕೆರಿಗನ್ ಪರವಾಗಿ ಅಮೆರಿಕ, ಕೆನಡಾ, ಬ್ರಿಟನ್ ಮತ್ತು ಜಪಾನಿನವರು. ಈ ಪಟ್ಟಿಯನ್ನು ನೋಡಿದವರು ಹಳೆಯ ಶೀತಲ ಸಮರದ ಗೆರೆಯನ್ನು ಅದರಲ್ಲಿ ಕಂಡದ್ದು ಸಹಜ. ಜರ್ಮನಿಯ ತೀರ್ಪುಗಾರ ಯಾನ್ ಹಾಫ್‌ಮನ್ ಹಿಂದಿನ ಪೂರ್ವ ಜರ್ಮನಿಯವರು ಎಂಬುದನ್ನೂ ಎತ್ತಿ ತೋರಿಸಲಾಯಿತು. ಆದರೆ ಅವರು 1974 ಮತ್ತು 1980ರ ವಿಶ್ವ ಚಾಂಪಿಯನ್ ಕೂಡ ಆಗಿದ್ದರು. ಸ್ಕೇಟಿಂಗ್ ಅನ್ನು ಒಳಗಿನಿಂದ ಬಲ್ಲವರು. ಅವರು ಇಬ್ಬರಿಗೂ ಒಟ್ಟು 11.6 ಅಂಕ ಕೊಟ್ಟಿದ್ದರು. ಅವರ ಕಲಾತ್ಮಕ ಅಂಕ ಬಾಯುಲ್ ಅವರಿಗೆ ಹೆಚ್ಚಿದ್ದುದರಿಂದ ಮೇಲೆ ವಿವರಿಸಿದ ನಿಯಮದಂತೆ ಅವರ ಮತ ಬಾಯುಲ್ ಕಡೆಗೆ ಎಣಿಕೆಯಾಯಿತು. ಚಿನ್ನ ಮತ್ತು ಬೆಳ್ಳಿಯ ನಡುವೆ ಇದ್ದ ಅಂತರ ಇಷ್ಟೇ.

ಅಂದು ಜಾರಿಯಲ್ಲಿದ್ದ ನಿಯಮದ ಪ್ರಕಾರ ತೀರ್ಪು ಸರಿಯಾಗಿತ್ತು ಎಂದು ಈ ಲೇಖಕರು ನಂಬುತ್ತಾರೆ. ಜಿಗಿತಗಳ ಶುದ್ಧಿಯಲ್ಲಿ ಕೆರಿಗನ್ ಮೇಲು ಎಂಬುದನ್ನು ಒಪ್ಪಿಕೊಂಡೇ ಈ ಮಾತು ಹೇಳಬೇಕು. ಇಂದಿನ ಪದ್ಧತಿಯಲ್ಲಿ ಪ್ರತಿ ಜಿಗಿತಕ್ಕೂ ಮೂಲ ಅಂಕ ನಿಗದಿಯಾಗಿರುತ್ತದೆ ಮತ್ತು ಪ್ರತಿ ಇಳಿತವನ್ನು ನಿಧಾನಗತಿಯ ಮರುಪ್ರಸಾರದಲ್ಲಿ ಪರೀಕ್ಷಿಸಲಾಗುತ್ತದೆ. ಅದರಲ್ಲಿ ಲೆಕ್ಕ ಬೇರೆಯಾಗಿರಬಹುದಿತ್ತು. ಆದರೆ ಆ ಪದ್ಧತಿ ಒಲಿಂಪಿಕ್ಸ್‌ಗೆ ಬಂದದ್ದು 2006ರಲ್ಲಿ. ಹನ್ನೆರಡು ವರ್ಷಗಳ ನಂತರದ ಅಳತೆಗೋಲಿನಿಂದ 1994ರ ಪ್ರದರ್ಶನವನ್ನು ಅಳೆಯುವುದು ತಪ್ಪು. ಮರುಕದಿಂದ ಕೊಟ್ಟ ಚಿನ್ನ ಎಂಬ ಮಾತಿಗಂತೂ ಆಧಾರವೇ ಇಲ್ಲ. ಮರುಕ ಅಂಕವಾಗುವುದಾದರೆ ಆ ವರ್ಷ ಕೆರಿಗನ್ ಅವರಿಗಿಂತ ಹೆಚ್ಚು ಅರ್ಹರು ಯಾರಿದ್ದರು?

ಪದಕ ಪ್ರದಾನ ತಡವಾದದ್ದೇಕೆ?

ಉಕ್ರೇನಿನ ರಾಷ್ಟ್ರಗೀತೆಯ ಧ್ವನಿಮುದ್ರಿಕೆ ಸಂಘಟಕರಿಗೆ ತಕ್ಷಣ ಸಿಗಲಿಲ್ಲ. ಮಿಖಾಯ್ಲೊ ವೆರ್ಬಿತ್ಸ್ಕಿ ಅವರ ರಾಗವನ್ನು ದೇಶ ಅಧಿಕೃತವಾಗಿ ಸ್ವೀಕರಿಸಿ ಆಗ ಎರಡು ವರ್ಷವಷ್ಟೇ ಆಗಿತ್ತು. ಅದಕ್ಕೆ ಅಧಿಕೃತ ಸಾಹಿತ್ಯ ದೊರೆತದ್ದು 2003ರಲ್ಲಿ. ಬಾಯುಲ್ ಅಲಂಕಾರ ಮಾಡಿಕೊಳ್ಳುತ್ತಿರುವುದರಿಂದ ತಡವಾಗುತ್ತಿದೆ ಎಂಬ ತಪ್ಪು ಸುದ್ದಿ ಅಲ್ಲಿದ್ದವರಲ್ಲಿ ಹರಡಿತ್ತು. ವಾಸ್ತವದಲ್ಲಿ ಎಲ್ಲರೂ ಕಾಯುತ್ತಿದ್ದುದು ಇನ್ನೂ ಜಗತ್ತಿಗೆ ಪರಿಚಯವಾಗದ ಒಂದು ದೇಶದ ಹಾಡಿಗಾಗಿ. ಅದೇ ಕೋಚ್ ಮತ್ತು ಅದೇ ಅಂಗಳದಿಂದ ಬಂದ ಪೆಟ್ರೆಂಕೊ ಎರಡು ವರ್ಷ ಮೊದಲು ಆಲ್ಬರ್ಟ್‌ವಿಲ್‌ನಲ್ಲಿ ಗೆದ್ದಾಗ ಏರಿದ್ದು ಒಲಿಂಪಿಕ್ ಧ್ವಜ, ಏಕೆಂದರೆ ಅಂದು ಹಳೆಯ ಸೋವಿಯತ್ ಗಣರಾಜ್ಯಗಳು ಏಕೀಕೃತ ತಂಡವಾಗಿ ಆಡಿದ್ದವು. ಉಕ್ರೇನ್ ತನ್ನದೇ ತಂಡವಾಗಿ ಗೆದ್ದ ಚಿನ್ನಕ್ಕೆ ನೀಲಿ ಹಳದಿ ಬಾವುಟ ಸ್ತಂಭದ ತುದಿಗೇರಿದ್ದು ಹಾಮರ್‌ನಲ್ಲೇ ಮೊದಲು.

ಉಕ್ರೇನಿನ ಕ್ರೀಡಾ ಇತಿಹಾಸದಲ್ಲಿ ಈ ಚಿನ್ನದ ಸ್ಥಾನವೇನು?

ಲಿಲ್ಲೆಹ್ಯಾಮರ್‌ನಲ್ಲಿ ಉಕ್ರೇನಿಗೆ ಸಿಕ್ಕಿದ್ದು ಎರಡೇ ಪದಕಗಳು. ಇನ್ನೊಂದು ಸ್ಕೀಯಿಂಗ್ ಮತ್ತು ಗುರಿ ಹೊಡೆತ ಸೇರಿದ ಬಯಥ್ಲಾನ್‌ನಲ್ಲಿ ವಲೆಂಟಿನಾ ತ್ಸೆರ್ಬೆ ಗೆದ್ದ ಕಂಚು. ಬೇಸಿಗೆ ಒಲಿಂಪಿಕ್ಸ್‌ನಲ್ಲಿ ಉಕ್ರೇನ್ 1996ರಿಂದಲೇ ಹಲವು ಚಿನ್ನ ಗೆದ್ದಿತಾದರೂ ಚಳಿಗಾಲದ ಎರಡನೆಯ ಚಿನ್ನಕ್ಕೆ ಅದು ಇಪ್ಪತ್ತು ವರ್ಷ ಕಾಯಬೇಕಾಯಿತು: 2014ರಲ್ಲಿ ಸೋಚಿಯ ಮಹಿಳಾ ಬಯಥ್ಲಾನ್ ರಿಲೇ ತಂಡ ಅದನ್ನು ತಂದಿತು. ವೈಯಕ್ತಿಕ ಚಿನ್ನಕ್ಕಂತೂ 2018ರವರೆಗೆ, ಸ್ಕೀ ಕಟ್ಟಿಕೊಂಡು ಗಾಳಿಯಲ್ಲಿ ಪಲ್ಟಿ ಹೊಡೆಯುವ ಸ್ಕೀ ಏರಿಯಲ್ಸ್‌ನ ಒಲೆಕ್ಸಾಂಡರ್ ಅಬ್ರಮೆಂಕೊ ಅವರವರೆಗೆ, ಬಾಯುಲ್ ಒಬ್ಬರೇ.

ಹದಿನಾರಕ್ಕೇ ಸ್ಪರ್ಧೆ ಬಿಟ್ಟದ್ದೇಕೆ?

ಒಲಿಂಪಿಕ್ಸ್ ಮುಗಿದ ಕೆಲವೇ ತಿಂಗಳಲ್ಲಿ ಅವರು ವೃತ್ತಿಪರ ಪ್ರದರ್ಶನಗಳನ್ನು ಆರಿಸಿಕೊಂಡು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸಿಮ್ಸ್‌ಬರಿ ಎಂಬ ಊರಿಗೆ ತೆರಳಿದರು. ಅಲ್ಲಿ ಹೊಸದಾಗಿ ಕಟ್ಟಿದ್ದ ದೊಡ್ಡ ಸ್ಕೇಟಿಂಗ್ ಕೇಂದ್ರಕ್ಕೆ ಜ್ಮಿಯೆವ್‌ಸ್ಕಾಯಾ ಮತ್ತು ಪೆಟ್ರೆಂಕೊ ಕುಟುಂಬವೂ ಬಂದಿತು. ಆಗಿನ ನಿಯಮದಲ್ಲಿ ಹಣಕ್ಕಾಗಿ ಪ್ರದರ್ಶನ ಕೊಡುವ ವೃತ್ತಿಪರರು ಒಲಿಂಪಿಕ್ ಸ್ಪರ್ಧೆಗಳಿಂದ ಹೊರಗುಳಿಯಬೇಕಿತ್ತು. ಇನ್ನಷ್ಟು ವರ್ಷ ಸ್ಪರ್ಧಿಸಿದ್ದರೆ ಎಷ್ಟು ಪದಕ ಬರುತ್ತಿತ್ತು ಎಂದು ನಾವು ಲೆಕ್ಕ ಹಾಕಬಹುದು. ಆದರೆ ಮನೆಯಿಲ್ಲದ, ದೇಶದ ಬೆಂಬಲವಿಲ್ಲದ, ಇನ್ನೊಬ್ಬರ ಖರ್ಚಿನಲ್ಲಿ ಬೆಳೆದ ಹುಡುಗಿಯ ಮುಂದೆ ಮೊದಲ ಬಾರಿಗೆ ತನ್ನದೇ ಸಂಪಾದನೆಯ ದಾರಿ ತೆರೆದಿತ್ತು. ಅದನ್ನು ದುರಾಸೆ ಎನ್ನಲಾಗದು. 1994ರಲ್ಲೇ ಮೊಣಕಾಲಿನ ಶಸ್ತ್ರಚಿಕಿತ್ಸೆಯೂ ಆಯಿತು; ಹದಿಹರೆಯದಲ್ಲಿ ಎತ್ತರ ಮತ್ತು ಮೈಕಟ್ಟು ಬದಲಾದಂತೆ ಹಳೆಯ ಜಿಗಿತಗಳು ಕೈಗೂಡುವುದು ಕಷ್ಟವಾಗುತ್ತ ಹೋಯಿತು. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಅವರು ಇರಲಿಲ್ಲ.

ಅಮೆರಿಕದಲ್ಲಿನ ವರ್ಷಗಳು ಕಷ್ಟದವಾಗಿದ್ದವು ಎಂಬುದು ನಿಜವೇ?

ನಿಜ. 1997ರ ಜನವರಿಯಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಮದ್ಯಪಾನ ಮಾಡಿ ಚಲಾಯಿಸುತ್ತಿದ್ದ ಕಾರು ಕನೆಕ್ಟಿಕಟ್‌ನಲ್ಲಿ ರಸ್ತೆ ಬಿಟ್ಟು ಅಪಘಾತಕ್ಕೀಡಾಯಿತು. 1998ರಲ್ಲಿ ಅವರು ಮದ್ಯವ್ಯಸನಕ್ಕೆ ಚಿಕಿತ್ಸಾ ಕೇಂದ್ರದಲ್ಲಿ ದಾಖಲಾಗಿ ಚಿಕಿತ್ಸೆ ಪಡೆದರು. ಈ ಬಗ್ಗೆ ನಂತರದ ಸಂದರ್ಶನಗಳಲ್ಲಿ ಅವರೇ ಮುಚ್ಚುಮರೆಯಿಲ್ಲದೆ ಮಾತಾಡಿದ್ದಾರೆ. ತಾಯಿ ಸತ್ತ ದುಃಖವನ್ನು ಅನುಭವಿಸಲು ಬಿಡುವೇ ಸಿಗದ ಮಗು, ಭಾಷೆ ಬಾರದ ದೇಶದಲ್ಲಿ ಹಣ ಮತ್ತು ಖ್ಯಾತಿಗಳ ನಡುವೆ ಒಂಟಿಯಾಗಿ ಪ್ರಾಪ್ತ ವಯಸ್ಸಿಗೆ ಬಂದದ್ದನ್ನು ನೋಡಿದರೆ ಪತ್ರಿಕೆಗಳು ಅಂದು ಬಳಸಿದ ತಲೆಬರಹಗಳು ಕ್ರೂರವೆನಿಸುತ್ತವೆ. ಚಿಕಿತ್ಸೆಯ ನಂತರ ಅವರು ಮಂಜುಗಡ್ಡೆಯ ಪ್ರದರ್ಶನಗಳಿಗೆ ಮರಳಿದರು. 2003ರಲ್ಲಿ ಉಕ್ರೇನಿಗೆ ಹೋಗಿ, ಎರಡು ವರ್ಷದವರಿದ್ದಾಗ ದೂರವಾಗಿದ್ದ ತಂದೆಯನ್ನು ಭೇಟಿಯಾದರು.

ಇಂದಿನ ನಿಯಮಗಳಲ್ಲಿ ಅವರು ಸ್ಪರ್ಧಿಸಬಹುದಿತ್ತೇ?

ಇಲ್ಲ. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 2022ರಲ್ಲಿ ಕೈಗೊಂಡ ನಿರ್ಧಾರದಂತೆ 2024–25ರ ಋತುವಿನಿಂದ ಹಿರಿಯರ ವಿಭಾಗದಲ್ಲಿ ಸ್ಪರ್ಧಿಸಲು, ಋತು ಆರಂಭವಾಗುವ ಜುಲೈ 1ಕ್ಕೆ ಮೊದಲೇ 17 ವರ್ಷ ತುಂಬಿರಬೇಕು. 1993ರ ಜುಲೈ 1ರಂದು ಬಾಯುಲ್ ಅವರಿಗೆ ಇನ್ನೂ ಹದಿನೈದು. ಪ್ರಾಗ್‌ನಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಋತುವಿನ ಆರಂಭದಲ್ಲಿ ಹದಿನಾಲ್ಕು. ಅಂದರೆ, ಅವರ ಪದಕಗಳಲ್ಲಿ ಒಂದೂ ಇಂದಿನ ನಿಯಮದಡಿ ಸಾಧ್ಯವಾಗುತ್ತಿರಲಿಲ್ಲ. ಅವರ ಸ್ಕೇಟಿಂಗ್ ಅನ್ನು ಎಷ್ಟೇ ಪ್ರೀತಿಸಿದರೂ, ಎಳೆಯ ದೇಹ ಮತ್ತು ಮನಸ್ಸಿನ ಮೇಲೆ ಬಿದ್ದ ಹೊರೆಯನ್ನು ನೆನೆದಾಗ ಈ ನಿಯಮ ಬಂದದ್ದು ಒಳ್ಳೆಯದೇ ಎಂದು ಒಪ್ಪಬೇಕಾಗುತ್ತದೆ.

ಉಕ್ರೇನಿನ ಬೇರೆ ಸ್ಕೇಟರ್‌ಗಳ ಬಗ್ಗೆ ತಿಳಿಯಬೇಕಾದದ್ದೇನು?

ಒದೆಸಾ ಒಂದೇ ಊರು ಎಷ್ಟು ಮಂದಿಯನ್ನು ಬೆಳೆಸಿತು ಎಂಬುದೇ ಅಚ್ಚರಿಯ ವಿಷಯ. ಪೆಟ್ರೆಂಕೊ ಅಲ್ಲಿಯವರು, 1996ರ ಯುರೋಪಿಯನ್ ಚಾಂಪಿಯನ್ ವ್ಯಾಚೆಸ್ಲಾವ್ ಜಹೊರೊದ್ನ್ಯುಕ್ ಅಲ್ಲಿಯವರು, 1994 ಮತ್ತು 1998ರಲ್ಲಿ ರಷ್ಯಾದ ಪರವಾಗಿ ಐಸ್ ಡ್ಯಾನ್ಸ್ ಚಿನ್ನ ಗೆದ್ದ ಒಕ್ಸಾನಾ ಗ್ರಿಶುಕ್ ಮತ್ತು ಯೆವ್ಗೆನಿ ಪ್ಲಾಟೊವ್ ಕೂಡ ಅಲ್ಲಿಯವರೇ. ಬಾಯುಲ್ ಹುಟ್ಟಿದ ದ್ನೀಪ್ರೊ ನಗರದಲ್ಲೇ ಹುಟ್ಟಿದ ತಾತ್ಯಾನಾ ವೊಲೊಸೊಝಾರ್ 2014ರಲ್ಲಿ ರಷ್ಯಾಕ್ಕಾಗಿ, ಕೀವ್ ಬಳಿಯ ಒಬುಖೀವ್‌ನ ಅಲ್ಯೋನಾ ಸಾವ್ಚೆಂಕೊ 2018ರಲ್ಲಿ ಜರ್ಮನಿಗಾಗಿ ಜೋಡಿ ಸ್ಕೇಟಿಂಗ್ ಚಿನ್ನ ಗೆದ್ದರು. ಪ್ರತಿಭೆ ಉಕ್ರೇನಿನದು, ಪದಕ ಬೇರೆ ದೇಶದ್ದು ಎಂಬುದು ಅಲ್ಲಿನ ಕ್ರೀಡಾಭಿಮಾನಿಗಳ ಹಳೆಯ ನೋವು. ಉಕ್ರೇನಿನ ಹೆಸರಿನಲ್ಲೇ ಫಿಗರ್ ಸ್ಕೇಟಿಂಗ್ ಒಲಿಂಪಿಕ್ ಪದಕ ಪಡೆದವರು ಬಾಯುಲ್ ಅವರ ನಂತರ 2006ರಲ್ಲಿ ಟ್ಯೂರಿನ್‌ನಲ್ಲಿ ಐಸ್ ಡ್ಯಾನ್ಸ್ ಕಂಚು ಗೆದ್ದ ಒಲೆನಾ ಗ್ರುಶಿನಾ ಮತ್ತು ರುಸ್ಲಾನ್ ಗೊಂಚಾರೊವ್.

ಪೆಟ್ರೆಂಕೊ ಅವರ ಕಥೆಗೆ ದುಃಖದ ಒಂದು ತಿರುವಿದೆ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ನಡೆಸುತ್ತಿರುವಾಗಲೇ ಅವರು ಸೋಚಿಯಲ್ಲಿ ನಡೆದ ಐಸ್ ಪ್ರದರ್ಶನವೊಂದರಲ್ಲಿ ಭಾಗವಹಿಸಿದ್ದಕ್ಕಾಗಿ ಉಕ್ರೇನಿನ ಸ್ಕೇಟಿಂಗ್ ಒಕ್ಕೂಟ ಅವರನ್ನು ಹೊರಹಾಕಿತು. ಅನಾಥ ಹುಡುಗಿಯೊಬ್ಬಳಿಗೆ ದಾರಿ ಮಾಡಿಕೊಟ್ಟ ಅದೇ ವ್ಯಕ್ತಿ ಅವರು ಎಂಬುದು ಆ ಸುದ್ದಿಯನ್ನು ಇನ್ನಷ್ಟು ನೋವಿನದಾಗಿಸುತ್ತದೆ.

ಬಾಯುಲ್ ಅವರ ಸ್ಕೇಟಿಂಗ್ ನೋಡಲು ಎಲ್ಲಿಂದ ಆರಂಭಿಸಬೇಕು?

ಒಲಿಂಪಿಕ್ ಫ್ರೀ ಸ್ಕೇಟ್‌ಗೆ ಮೊದಲು 1994ರ ಟೆಕ್ನಿಕಲ್ ಪ್ರೋಗ್ರಾಂ ನೋಡುವುದು ಒಳ್ಳೆಯದು. ಚೈಕೊವ್‌ಸ್ಕಿಯ ಹಂಸಗಳ ಬ್ಯಾಲೆಯ ಸಂಗೀತಕ್ಕೆ, ಕಪ್ಪು ಗರಿಗಳ ಉಡುಪಿನಲ್ಲಿ, ಕಪ್ಪು ಹಂಸವಾಗಿ ಅವರು ಮಾಡಿದ ಪ್ರದರ್ಶನವದು. ಜಿಗಿತಗಳನ್ನು ಎಣಿಸುವ ಬದಲು ಬೆನ್ನು ಮತ್ತು ತೋಳುಗಳನ್ನು ಗಮನಿಸಬೇಕು. ಹೆಚ್ಚಿನ ಸ್ಕೇಟರ್‌ಗಳ ತೋಳು ಭುಜದಿಂದ ಶುರುವಾಗುತ್ತದೆ. ಬಾಯುಲ್ ಅವರದು ಬೆನ್ನಿನ ಮಧ್ಯದಿಂದ ಶುರುವಾಗಿ ಅಲೆಯಂತೆ ಬೆರಳ ತುದಿಗೆ ಬರುತ್ತದೆ. ಆಮೇಲೆ ಪದಕ ಗೆದ್ದವರ ಪ್ರದರ್ಶನದಲ್ಲಿ ಅವರು ಮಾಡಿದ ಬಿಳಿ ಹಂಸವನ್ನು ನೋಡಬೇಕು: ಅಲ್ಲಿ ಅಂಕಗಳಿಲ್ಲ, ತೀರ್ಪುಗಾರರಿಲ್ಲ. ಇವೆರಡನ್ನೂ ನೋಡಿದ ಮೇಲೆ ಫ್ರೀ ಸ್ಕೇಟ್‌ಗೆ ಮರಳಿದರೆ, ಆ ಗುಲಾಬಿ ಉಡುಪಿನ ಹುಡುಗಿ ಕೊನೆಯ ಜಿಗಿತದಿಂದ ಇಳಿಯುವಾಗ ಹೊಲಿಗೆ ಹಾಕಿದ ಬಲಗಾಲು ಎಲ್ಲಿದೆ ಎಂದು ಕಣ್ಣು ತಾನಾಗಿಯೇ ಹುಡುಕುತ್ತದೆ.